ಎಡಕ್ಕೊಂದು, ಬಲಕ್ಕೊಂದು

ನಮ್ಮ ಮನೆಯ ಸ್ಟೀರಿಯೋ ಒಂದೇ ದಿನದಲ್ಲಿ ಪದಚ್ಯುತವಾದದ್ದಲ್ಲ. ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಸಿ.ಡಿ. ಪ್ಲೇಯರ್‌ಗಳು ಒಂದರ ಮೇಲೊಂದು ಕುಳಿತು, ಸೊಂಟದೆತ್ತರದ ಎರಡು ಸ್ಪೀಕರ್‌ಗಳು ಎಡಕ್ಕೊಂದು ಬಲಕ್ಕೊಂದು ದ್ವಾರಪಾಲಕರಂತೆ ನಿಂತು, ಹಜಾರದ ಒಂದು ಇಡೀ ಗೋಡೆಯನ್ನು ಅದು ಬಹುಕಾಲ ಆಳಿತು. ಆಮೇಲೆ ಟಿ.ವಿ. ಅಗಲವಾಗತೊಡಗಿತು. ಅದು ಅಗಲವಾದಷ್ಟೂ ದ್ವಾರಪಾಲಕರು ಒತ್ತರಿಸಿಕೊಂಡು ಸರಿಯುತ್ತ ಹೋಗಿ, ಕೊನೆಗೊಂದು ದಿನ ಅಕ್ಷರಶಃ ಮೂಲೆಗುಂಪಾದರು. ಸ್ಪೀಕರನ್ನು ಎರಡು ಗೋಡೆಗಳು ಕೂಡುವ ಮೂಲೆಗೆ ನೂಕಿದರೆ ಅದರ ತಗ್ಗಿನ ಸ್ವರಗಳು ಗೋಡೆಗಳಿಗೆ ತಾಗಿ ಹಿಂದಿರುಗಿ, ಮೊದಲಿಗಿಂತ ಜೋರಾಗಿ ಗುಂಯ್‌ಗುಡುತ್ತವೆ. ಮೂಲೆಗುಂಪಾದವರ ಗೊಣಗಾಟ ಹೆಚ್ಚುವುದು ಮನುಷ್ಯರಲ್ಲಿ ಮಾತ್ರವೆಂದು ನಾನು ತಿಳಿದಿದ್ದೆ.

ಬಲಗಡೆಯ ಸ್ಪೀಕರಿನ ತಲೆಯ ಮೇಲೆ ಹೂಕುಂಡವೊಂದು ಬಂದು ಕುಳಿತಿತು. ಎಡಗಡೆಯದು ಇಸ್ತ್ರಿಗೆ ಕಾದಿರುವ ಬಟ್ಟೆಗಳ ನಿಲ್ದಾಣವಾಯಿತು. ನಾನು ಆಕ್ಷೇಪಿಸಿದಾಗ ಹೆಂಡತಿ, "ನೀವು ಅದನ್ನು ಕೊನೆಯ ಸಲ ಹಚ್ಚಿದ್ದು ಯಾವಾಗ, ನೆನಪಿದೆಯೇ?" ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ಆಕ್ಷೇಪವನ್ನು ಮುಂದುವರಿಸುವ ಕಲೆ ನನಗಿನ್ನೂ ಸಿದ್ಧಿಸಿಲ್ಲ.

ನ್ಯಾಯವಾಗಿ ಹೇಳುವುದಾದರೆ, ತಪ್ಪೆಲ್ಲ ಟಿ.ವಿ.ಯದಲ್ಲ. ಸ್ಟೀರಿಯೋ ಎನ್ನುವುದು ಸ್ವಭಾವತಃ ಸ್ವಾರ್ಥಿಯಾದ ಯಂತ್ರ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ಅಂತರವೋ ಅಷ್ಟೇ ದೂರದಲ್ಲಿ ಕೇಳುಗನ ಕುರ್ಚಿಯಿರಬೇಕು. ಮೂರನ್ನೂ ಗೆರೆಯೆಳೆದು ಸೇರಿಸಿದರೆ ಸಮಬಾಹು ತ್ರಿಭುಜವಾಗಬೇಕು. ಆಗ ಮಾತ್ರ ಗಾಯಕ ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ, ಯಾವ ಸ್ಪೀಕರೂ ಇಲ್ಲದ ಬರಿಯ ನಡುಜಾಗದಲ್ಲಿ ನಿಂತು ಹಾಡುತ್ತಾನೆ. ಆದರೆ ಈ ಪವಾಡ ಕಾಣುವುದು ಒಂದೇ ಒಂದು ಕುರ್ಚಿಗೆ. ನಮ್ಮ ಮನೆಯಲ್ಲಿ ಆ ಕುರ್ಚಿ ನನ್ನದಾಗಿತ್ತು. ಉಳಿದಿಬ್ಬರು ಹತ್ತು ಹದಿನೈದು ವರ್ಷ ಅಕ್ಕಪಕ್ಕದಲ್ಲಿ ಕುಳಿತು, ಒಬ್ಬಳು ತಬಲಾ ಮಾತ್ರ, ಇನ್ನೊಬ್ಬಳು ಪಿಟೀಲು ಮಾತ್ರ ಕೇಳಿದ್ದರೆಂಬುದು ನನ್ನ ಗಮನಕ್ಕೆ ಬಂದದ್ದೇ ಇತ್ತೀಚೆಗೆ.

ಇದರ ಮೂಲದಲ್ಲಿಯೂ ಒಂದು ಭಾವೀ ದಾಂಪತ್ಯದ ಪ್ರಸಂಗವಿದೆ ಎನ್ನುತ್ತಾರೆ. ಅಲನ್ ಬ್ಲಮ್ಲೀನ್ ಎಂಬ ಬ್ರಿಟಿಷ್ ಎಂಜಿನಿಯರ್ ಮುಂದೆ ಹೆಂಡತಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋಗಿದ್ದಾಗ, ಪರದೆಯ ಮೇಲಿನ ನಟ ಆ ತುದಿಗೆ ನಡೆದುಹೋದರೂ ಅವನ ಧ್ವನಿ ಈ ತುದಿಯಲ್ಲೇ ಉಳಿದದ್ದನ್ನು ಗಮನಿಸಿ, ಇದಕ್ಕೆ ಪರಿಹಾರ ತನ್ನಲ್ಲಿದೆ ಎಂದನಂತೆ. 1931ರ ಡಿಸೆಂಬರಿನಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಸ್ಟೀರಿಯೋ ಎಲ್.ಪಿ. ತಟ್ಟೆಗಳು ಮಾರುಕಟ್ಟೆಯಲ್ಲಿ ನೆಲೆಗೊಳ್ಳುವ ಹೊತ್ತಿಗೆ 1958 ಬಂದಿತ್ತು. ಬ್ಲಮ್ಲೀನ್ 1942ರಲ್ಲೇ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದ. ಅಷ್ಟೆಲ್ಲ ಪಾಡುಪಟ್ಟು ಎರಡು ಮಾಡಿದ್ದನ್ನು ಈಗ ನನ್ನ ಮಗಳು ಮುಷ್ಟಿಗಾತ್ರದ ಡಬ್ಬಿಯೊಂದರೊಳಗೆ ಮತ್ತೆ ಒಂದು ಮಾಡಿಟ್ಟಿದ್ದಾಳೆ. ಬ್ಲೂಟೂತ್ ಸ್ಪೀಕರ್ ಎಂದು ಅದರ ಹೆಸರು. ಅದನ್ನು ಎಲ್ಲಿ ಬೇಕಾದರೂ ಇಡಬಹುದು, ಎಲ್ಲಿ ಬೇಕಾದರೂ ಕೂರಬಹುದು. ಎಲ್ಲರಿಗೂ ಸಮಾನವಾಗಿ ಅರ್ಧಂಬರ್ಧ ಕೇಳಿಸುತ್ತದೆ.

ಕಳೆದ ತಿಂಗಳು ಅವಳು, "ಅಪ್ಪಾ, ಆ ಎರಡು ಪೆಟ್ಟಿಗೆಗಳನ್ನು ಗುಜರಿಗೆ ಹಾಕಿದರೆ ನನ್ನ ಮೇಜಿಗೆ ಜಾಗವಾಗುತ್ತದೆ" ಎಂದಳು. ಅಂದೇ ನಾನು ಪುನರುಜ್ಜೀವನದ ಸಂಕಲ್ಪ ಮಾಡಿದೆ.

ಮೊದಲಿಗೆ ಬಲಗಡೆಯ ಸ್ಪೀಕರಿನ ಮುಂಭಾಗದ ಬಟ್ಟೆಯ ಚೌಕಟ್ಟನ್ನು ತೆಗೆದೆ. ಹೂಕುಂಡದ ನೀರು ಇಳಿದಿಳಿದು ಮರದ ಮೇಲೆ ನಕ್ಷೆಯೊಂದು ಮೂಡಿತ್ತು, ಅದು ಹೋಗಲಿ. ತಗ್ಗಿನ ಸ್ವರಗಳನ್ನು ಹೊರಡಿಸುವ ದೊಡ್ಡ ವೂಫರಿನ ಕಾಗದದ ಶಂಕುವಿಗೂ ಅದರ ಲೋಹದ ಬಳೆಗೂ ನಡುವೆ ಮೆತ್ತನೆಯ ಫೋಮಿನ ಅಂಚಿರುತ್ತದೆ. ಶಂಕು ಹಿಂದೆ ಮುಂದೆ ಆಡುವುದು ಅದರ ಆಧಾರದಿಂದಲೇ. ಆ ಫೋಮು ಹದಿನೈದಿಪ್ಪತ್ತು ವರ್ಷಗಳಲ್ಲಿ ಗಾಳಿಯ ತೇವಕ್ಕೆ ತಾನಾಗಿಯೇ ಕೊಳೆಯುತ್ತದೆ, ಹಾಡಿಸಿದರೂ ಸರಿ, ಹಾಡಿಸದಿದ್ದರೂ ಸರಿ. ಹೇಗಿದೆಯೋ ನೋಡೋಣವೆಂದು ಬೆರಳ ತುದಿಯಿಂದ ಮುಟ್ಟಿದೆ. ಒಣಗಿದ ಎಲೆಯಂತೆ ಅದು ಪುಡಿಯಾಗಿ ಉದುರಿತು. ಎಡಗಡೆಯದನ್ನು ಮುಟ್ಟಬಾರದೆಂದು ನಿರ್ಧರಿಸಿದೆ. ಆಮೇಲೆ, ಮೆತ್ತಗೆ ಮುಟ್ಟಿದರೆ ಏನೂ ಆಗಲಾರದೆಂದುಕೊಂಡು ಅದನ್ನೂ ಮುಟ್ಟಿದೆ.

ಹೊಸ ಫೋಮಿನ ಬಳೆಗಳು ಅಂಚೆಯಲ್ಲಿ ಬರುವ ತನಕ ಕ್ಯಾಸೆಟ್ ಡೆಕ್ಕಿನ ಸರದಿ. ಗುಂಡಿಯೊತ್ತಿದರೆ ದೀಪ ಹತ್ತಿತು, ಚಕ್ರ ತಿರುಗಲಿಲ್ಲ. ಮುಚ್ಚಳ ಬಿಚ್ಚಿ ನೋಡಿದಾಗ ರಬ್ಬರ್ ಬೆಲ್ಟು ಇರಬೇಕಾದ ಜಾಗದಲ್ಲಿ ಡಾಂಬರಿನಂಥ ಕಪ್ಪು ಅಂಟು ಇತ್ತು. ಹಳೆಯ ಬೆಲ್ಟುಗಳು ಕೆಲವು ತುಂಡಾಗುತ್ತವೆ, ಕೆಲವು ಕರಗುತ್ತವೆ. ನನ್ನದು ಕರಗುವ ಜಾತಿಯದು. ಸ್ಪಿರಿಟ್ಟು ಮತ್ತು ಹತ್ತಿ ಹಿಡಿದು ಒರೆಸತೊಡಗಿದೆ. ಅರ್ಧ ಗಂಟೆಯಲ್ಲಿ ಆ ಅಂಟು ಚಕ್ರದಿಂದ ಬೆರಳಿಗೆ, ಬೆರಳಿನಿಂದ ಕನ್ನಡಕಕ್ಕೆ, ಅಲ್ಲಿಂದ ಅಂಗಿಗೆ, ಸ್ವಿಚ್ಚಿಗೆ, ಬಾಗಿಲ ಚಿಲಕಕ್ಕೆ ಪಯಣಿಸಿತು. ಕರೆಗಂಟೆಯಾದಾಗ ನಾನು ಬಾಗಿಲು ತೆಗೆಯಲು ಹೋದದ್ದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಫೋಮಿನ ಬಳೆಗಳೇ ಬಂದಿರಬಹುದಿತ್ತು.

ಆಂಪ್ಲಿಫೈಯರ್ ಮಾತ್ರ ಗಟ್ಟಿ ಜೀವ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು, ಒಳಗೆ ಧೂಳು ಕೂತರೆ ಹಾಗೆಯೇ. ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿದ ಮೇಲೆ ತಣ್ಣಗಾಯಿತು. ಅದನ್ನು ಕೊಂಡಾಗಿನ ರಟ್ಟಿನ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿತ್ತು. ಅದರ ಮೇಲೆ ಕೈಯಗಲದ ಅಕ್ಷರಗಳಲ್ಲಿ 2000 ವ್ಯಾಟ್ ಪಿ.ಎಂ.ಪಿ.ಒ., ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ, ಎಂದು ಮುದ್ರಿಸಿದ್ದರು. ಯಂತ್ರದ ಬೆನ್ನಿನ ತಗಡಿನ ಮೇಲೆ, ಅದು ಗೋಡೆಯಿಂದ ಎಳೆಯುವ ವಿದ್ಯುತ್ತು 60 ವ್ಯಾಟ್ ಎಂದು ಸಣ್ಣಕ್ಷರದಲ್ಲಿತ್ತು. ಅರುವತ್ತನ್ನು ತಿಂದು ಎರಡು ಸಾವಿರವನ್ನು ಹೊರಗೆಡಹುವ ಯಂತ್ರವನ್ನು ಇಷ್ಟು ವರ್ಷ ನಾನು ಹಾಡು ಕೇಳಲು ಮಾತ್ರ ಬಳಸಿದೆನಲ್ಲ ಎಂದು ಪಶ್ಚಾತ್ತಾಪವಾಯಿತು.

ಬಳೆಗಳು ಬಂದವು, ಅಂಟಿಸಿದ್ದೂ ಆಯಿತು. ಡೆಕ್ಕು ಕೈಕೊಟ್ಟಿದ್ದರಿಂದ, ಸಿ.ಡಿ. ಪ್ಲೇಯರ್ ತನ್ನ ತಟ್ಟೆಯನ್ನು ಹೊರಗೆ ಚಾಚಿ ಮತ್ತೆ ಒಳಗೆಳೆದುಕೊಳ್ಳಲು ನಿರಾಕರಿಸಿದ್ದರಿಂದ, ಮೊಬೈಲಿನಿಂದಲೇ ಹಾಡಿಸುವುದೆಂದು ತೀರ್ಮಾನಿಸಿ, ಒಂದು ತುದಿಗೆ ಕೆಂಪು-ಬಿಳಿ ಪಿನ್ನುಗಳೂ ಇನ್ನೊಂದು ತುದಿಗೆ ಹೆಡ್‌ಫೋನ್ ಪಿನ್ನೂ ಇರುವ ವೈರನ್ನು ತರಿಸಿದೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ; ಅಷ್ಟು ಮರೆತಿರಲಿಲ್ಲ. ಇನ್ನೊಂದು ತುದಿಯನ್ನು ಹಿಡಿದುಕೊಂಡು ಮೊಬೈಲನ್ನು ಮೇಲೆ, ಕೆಳಗೆ, ಅಕ್ಕಪಕ್ಕ ತಿರುಗಿಸಿ ನೋಡಿದೆ. ತೂತಿರಲಿಲ್ಲ. 2016ರಲ್ಲಿ ಐಫೋನ್ 7ರಿಂದ ಮಾಯವಾದ ಆ ತೂತು ಉಳಿದ ಮೊಬೈಲುಗಳಿಂದಲೂ ಒಂದೊಂದಾಗಿ ಮಾಯವಾಗುತ್ತ ಬಂದಿದ್ದನ್ನು ನಾನು ಓದಿದ್ದೆ, ಆದರೆ ನನ್ನ ಜೇಬಿನೊಳಗೇ ಅದು ನಡೆದಿರಬಹುದೆಂದು ಹೊಳೆದಿರಲಿಲ್ಲ. ಮಗಳು ಮಾತಿಲ್ಲದೆ ತನ್ನ ಹಳೆಯ ಮೊಬೈಲನ್ನು ತಂದುಕೊಟ್ಟಳು.

ಹಾಡು ಹತ್ತಿತು. ಆದರೆ ಮೃದಂಗದಲ್ಲಿ ತೂಕವೇ ಇರಲಿಲ್ಲ. ಗಾಯಕಿ ನಡುವೆ ನಿಲ್ಲುವ ಬದಲು ಕೋಣೆಯಲ್ಲೆಲ್ಲ ಚೆದುರಿಹೋಗಿದ್ದಳು. "ಇದಕ್ಕಿಂತ ನನ್ನ ಡಬ್ಬಿಯೇ ವಾಸಿ" ಎಂದಳು ಮಗಳು. ಟಾರ್ಚು ಹಿಡಿದು ಸ್ಪೀಕರುಗಳ ಹಿಂದೆ ತೂರಿದೆ. ಎಡಗಡೆಯದರಲ್ಲಿ ಕೆಂಪು ವೈರು ಕಪ್ಪು ತಿರುಪಿಗೂ ಕಪ್ಪು ವೈರು ಕೆಂಪು ತಿರುಪಿಗೂ ಸೇರಿದ್ದವು. ಹೀಗಾದರೆ ಒಂದು ಶಂಕು ಮುಂದೆ ನೂಕಿದ ಗಾಳಿಯನ್ನು ಇನ್ನೊಂದು ಹಿಂದಕ್ಕೆಳೆಯುತ್ತದೆ. ತಗ್ಗಿನ ಸ್ವರಗಳು ನಡುದಾರಿಯಲ್ಲೇ ಪರಸ್ಪರ ವಜಾ ಆಗುತ್ತವೆ. ಹಾಗೆ ಜೋಡಿಸಿದವನು ನಾನೇ, ಅದೂ ಈ ಸಲವಲ್ಲ, ಮನೆ ಬಣ್ಣ ಬಳಿಸಿದ ವರ್ಷ. ಅಂದರೆ ನಡುಕುರ್ಚಿಯಲ್ಲಿ ಕಣ್ಣುಮುಚ್ಚಿ ತಲೆದೂಗಿದ ಕೊನೆಯ ಕೆಲವು ವರ್ಷ ನನಗೂ ಆ ಪವಾಡ ಕಂಡಿರಲಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ವೈರು ಅದಲುಬದಲು ಮಾಡಿ, ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆಳೆದು, ಮಗಳನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ಆರಿಸಿಟ್ಟಿದ್ದ ಟಿ.ವಿ.ಯನ್ನೇ ದಿಟ್ಟಿಸುತ್ತ, "ಇಲ್ಲಿಂದ ಹಾಡುತ್ತಿದ್ದಾರಲ್ಲ! ಟಿ.ವಿ. ಹಾಕಿದ್ದೀರಾ?" ಎಂದಳು. ಅಡುಗೆಮನೆಯಿಂದ ಹೆಂಡತಿಯೂ ಬಂದು, ಏಳು ಏಳು ಎಂದು ಅವಳನ್ನೆಬ್ಬಿಸಿ ತಾನು ಕುಳಿತಳು. ಗಾಯಕಿ ಪಲ್ಲವಿಗೆ ಮರಳಿ, ಉಸಿರೆಳೆದುಕೊಂಡು, ಸ್ವಲ್ಪ ತಡೆದಳು. ಆ ನಿಶ್ಶಬ್ದದಲ್ಲಿ, ಎರಡು ಸ್ಪೀಕರುಗಳ ನಡುವೆ ಸರಿಯಾಗಿ ಮಧ್ಯದಿಂದ ಹೆಣ್ಣುದನಿಯೊಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಬ್ಯಾಟರಿ ಮುಗಿಯುತ್ತಿದೆ, ಕೂಡಲೇ ಚಾರ್ಜ್ ಮಾಡಿರಿ ಎಂದಿತು. ಮಗಳ ಡಬ್ಬಿ ಟಿ.ವಿ.ಯ ಮುಂದೆಯೇ ಇತ್ತು.

"ನಿಜ, ನಡುವಿನಿಂದಲೇ ಬರುತ್ತದೆ" ಎಂದಳು ಹೆಂಡತಿ.