ಈ ತಿಂಗಳು ಬಾಗಿಲು ಪೂರ್ವಕ್ಕೆ

ನಮ್ಮ ಮನೆಯ ಎತ್ತರ 13 ಅಡಿ 3 ಇಂಚು. ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಸನದಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಎತ್ತರ ಎಷ್ಟಿತ್ತೋ ಇವತ್ತಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಅಗತ್ಯವೂ ಬರಲಿಲ್ಲ. ಆ ಮನೆ ಯಾವ ಸೇತುವೆಯ ಕೆಳಗೂ ಹೋಗುತ್ತಿರಲಿಲ್ಲ. ಈ ಮನೆ ಹೋಗುತ್ತದೆ, ಇದಕ್ಕೆ ಚಕ್ರಗಳಿವೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಮೊದಲು ಅದರ ಎತ್ತರ 11 ಅಡಿ 8 ಇಂಚು ಇತ್ತು. ಅದು ಎಷ್ಟು ಲಾರಿಗಳ ನೆತ್ತಿ ಸುಲಿಯಿತೆಂದರೆ, 2019ರಲ್ಲಿ ಎತ್ತಿ 12 ಅಡಿ 4 ಇಂಚು ಮಾಡಿದರು. ಆಮೇಲೂ ಸುಲಿಯುವುದು ನಿಂತಿಲ್ಲ. ಆ ವಿಡಿಯೋಗಳನ್ನು ನೋಡಿದ ದಿನವೇ ನಮ್ಮ ಮನೆಯ ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಟ್ರಕ್ಕಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಪಕ್ಕದಲ್ಲಿ ಗಣಪತಿ ಇದ್ದಾನೆ. ಇಬ್ಬರೂ ಸೇರಿ ಕಾಪಾಡಲಿ.

ಮಗಳು ಕಾಲೇಜಿಗೆ ಹೋದ ಮೇಲೆ ನಮ್ಮವರಿಗೆ ಈ ಹುಚ್ಚು ಹತ್ತಿತು. "ನನ್ನ ಕೆಲಸ ಹೇಗೂ ಮನೆಯಿಂದಲೇ. ಮನೆ ಎಲ್ಲಿದ್ದರೇನು?" ಅಂದರು. ಆಸ್ಟಿನ್ ಹತ್ತಿರದ ಮನೆ ಮಾರಿ, ಒಂದು ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಕ್ಯಾಂಪರ್, ಅಂದರೆ ಟ್ರಕ್ಕಿಗೆ ಕಟ್ಟಿ ಎಳೆಯುವ ಚಕ್ರದ ಮನೆ ತಂದೆವು. ಇದನ್ನು ಕಾರಿನ ಹಿಂದೆ ಕಟ್ಟಿ ಎಳೆಯೋಕೆ ಆಗಲ್ಲ. ದೊಡ್ಡ ಪಿಕಪ್ ಟ್ರಕ್ಕೇ ಬೇಕು. ಟ್ರಕ್ಕಿನ ತೊಟ್ಟಿಯ ನಡುವೆ, ಹಿಂದಿನ ಆಕ್ಸಲ್‌ನ ಮೇಲೆ ಒಂದು ಕಬ್ಬಿಣದ ಕೊಂಡಿ ಕೂರಿಸಿರುತ್ತಾರೆ. ಕ್ಯಾಂಪರಿನ ಕತ್ತು ಮುಂದಕ್ಕೆ ಚಾಚಿ ಅದರ ಮೇಲೆ ಕೂರುತ್ತದೆ. ಆ ಕತ್ತಿನೊಳಗೇ ನಮ್ಮ ಬೆಡ್‌ರೂಮ್. ನಿಲ್ಲಿಸಿದ ಮೇಲೆ ಗುಂಡಿ ಒತ್ತಿದರೆ ಗೋಡೆಯೇ ಸೋಫಾ ಸಮೇತ ಹೊರಗೆ ಸರಿದು ಹಾಲ್ ಅಗಲವಾಗುತ್ತದೆ. ಹೊರಡುವಾಗ ಒಳಗೆ ಎಳೆದುಕೊಂಡರೆ ಸೋಫಾ ಬಂದು ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ದಾರಿಯಲ್ಲಿ ಮಜ್ಜಿಗೆ ಕುಡಿಯಬೇಕು ಅಂತ ಆಸೆಯಾದರೆ, ಆಸೆ ಮಾತ್ರ.

ಸುದ್ದಿ ಕೇಳಿದ ಅತ್ತೆ ವಿಡಿಯೋ ಕಾಲ್ ಮಾಡಿದರು. "ಇದಕ್ಕೆ ಗೃಹಪ್ರವೇಶ ಮಾಡೋದೋ, ವಾಹನ ಪೂಜೆ ಮಾಡೋದೋ?" ನಿಜಕ್ಕೂ ಒಳ್ಳೆಯ ಪ್ರಶ್ನೆ. ಕೊನೆಗೆ ಅವರೇ ಎರಡೂ ಮಾಡಿ ಅಂತ ತೀರ್ಪು ಕೊಟ್ಟರು. ಟ್ರಕ್ಕಿಗೆ ಆರು ಚಕ್ರ, ಮನೆಗೆ ನಾಲ್ಕು. ಹತ್ತು ನಿಂಬೆಹಣ್ಣು ತಂದೆವು. ಒಳಗೆ ಒಲೆ ಹಚ್ಚಿ ಹಾಲುಕ್ಕಿಸಲು ಇಟ್ಟೆ. ಮನೆಯನ್ನು ಸಮ ಮಾಡುವ ಕೆಲಸ ಇನ್ನೂ ಮುಗಿದಿರಲಿಲ್ಲ. ನೆಲವೇ ಒಂದು ಕಡೆಗೆ ವಾಲಿತ್ತು. ಹಾಲು ಉಕ್ಕಿತು, ಆ ಕಡೆಗೇ ಹರಿಯಿತು, ಡ್ರಾಯರಿನೊಳಗೆ ಇಳಿಯಿತು. "ಯಾವ ದಿಕ್ಕಿಗೆ ಉಕ್ಕಿತು?" ಅಂತ ಅತ್ತೆ ಸಂಭ್ರಮದಿಂದ ಕೇಳಿದರು. "ಚಮಚದ ದಿಕ್ಕಿಗೆ" ಅನ್ನೋಕಾಗುತ್ತಾ? ಪೂರ್ವಕ್ಕೆ ಅಂದೆ. ಅವತ್ತಿನಿಂದ ಪ್ರತಿ ಸಲ ಜಾಗ ಬದಲಿಸಿದಾಗಲೂ ಅವರ ಮೊದಲ ಪ್ರಶ್ನೆ, "ಬಾಗಿಲು ಯಾವ ಕಡೆಗಿದೆ?" ಈ ತಿಂಗಳು ಪೂರ್ವ. ಹೋದ ತಿಂಗಳು ನೈಋತ್ಯ. ಅದನ್ನು ಅವರಿಗೆ ಹೇಳಿಲ್ಲ.

ಹೈವೇಯಲ್ಲಿ ಒಂದು ಗಂಟೆ ಓಡಿದರೆ ಮನೆಗೆ ಒಂದು ಗಂಟೆ ಭೂಕಂಪವಾದ ಹಾಗೆ. ಸ್ಕ್ರೂ ಸಡಿಲವಾಗುತ್ತದೆ. ಕಪಾಟು ತಾನಾಗಿ ತೆರೆಯುತ್ತದೆ. ಒಮ್ಮೆ ಹೀಗೇ ತೆರೆದುಕೊಂಡು ಅರಿಶಿನದ ಡಬ್ಬಿ ಹಾರಿತು. ಹಿಂದಿನ ಮಾಲೀಕರು ತಿಳಿ ಬಣ್ಣದ ಕಾರ್ಪೆಟ್ ಹಾಸಿದ್ದರು. ಬಾಗಿಲು ತೆಗೆದು ನೋಡಿದರೆ ಒಳಗೆ ಯಾರದೋ ಮದುವೆಯ ಅರಿಶಿನ ಶಾಸ್ತ್ರ ಮುಗಿದಿದೆ. ನಾನು ತಲೆ ಮೇಲೆ ಕೈ ಹೊತ್ತು ನಿಂತೆ. ನಮ್ಮವರ ಮುಖದಲ್ಲಿ ಕಳೆಯೋ ಕಳೆ. "ಹೇಗೂ ಅಪ್‌ಗ್ರೇಡ್ ಮಾಡಬೇಕಿತ್ತು ಅಲ್ವಾ?" ಅಂತ ಕಾರ್ಪೆಟ್ ಕಿತ್ತು ವಿನೈಲ್ ಹಲಗೆ ಹಾಸಿದರು. ಕೀಳುವಾಗ ಸಿಕ್ಕಿದ ಸ್ಟೇಪಲ್ ಪಿನ್ನುಗಳನ್ನು ಒಂದು ಡಬ್ಬಿಗೆ ತುಂಬಿಸಿಟ್ಟಿದ್ದಾರೆ. ಯಾಕೆ ಅಂತ ಕೇಳಬೇಡಿ. ಹೊಸ ನೆಲ ಹಳೆಯದಕ್ಕಿಂತ ಸ್ವಲ್ಪ ದಪ್ಪ. ಹಾಗಾಗಿ ಸರಿಯುವ ಗೋಡೆ ನೆಲಕ್ಕೆ ಉಜ್ಜತೊಡಗಿತು. ಅದಕ್ಕೆ ಇನ್ನೊಂದು ಅಪ್‌ಗ್ರೇಡ್ ಆಯಿತು.

ವಿನೈಲ್ ಹಲಗೆಗೆ ತೂಕ ಇದೆ. ನಮ್ಮ ಜಗಳಗಳೆಲ್ಲ ಈಗ ಇಲ್ಲಿಗೇ ಬಂದು ನಿಲ್ಲುತ್ತವೆ. ಮನೆಯೊಳಗೆ ಎಷ್ಟು ಪೌಂಡ್ ಸಾಮಾನು ಹೇರಬಹುದು ಅಂತ ಬಾಗಿಲ ಹತ್ತಿರ ಹಳದಿ ಸ್ಟಿಕ್ಕರ್ ಹೇಳುತ್ತದೆ. ಮೀರಿದರೆ ಟೈರು ಸಿಡಿಯಬಹುದು, ಆಕ್ಸಲ್ ಬಾಗಬಹುದು. ಲಾರಿಗಳನ್ನು ತೂಗುವ ಕಾಟಾ ಇಲ್ಲಿನ ದೊಡ್ಡ ಟ್ರಕ್ ಸ್ಟಾಪುಗಳಲ್ಲಿ ಇರುತ್ತದೆ. ಹೋಗಿ ನಿಂತರೆ ಚೀಟಿ ಕೊಡುತ್ತಾರೆ. ಚೀಟಿ ನೋಡಿ ನಮ್ಮವರು ಮೆತ್ತಗೆ, "ನೋಡೇ, ಆ ಗ್ರೈಂಡರ್ ಕಲ್ಲು ಬೇಕೇ ಬೇಕಾ?" ಅಂದರು. "ರೀ, ನಿಮ್ಮ ಆ ಮೂರು ಡ್ರಿಲ್ಲು, ಏರ್ ಕಂಪ್ರೆಸರ್, ಸಾಕೆಟ್ ಸೆಟ್ಟು, ಅದರ ತಮ್ಮ ಇನ್ನೊಂದು ಸಾಕೆಟ್ ಸೆಟ್ಟು?" ಅಂದೆ. ಅವು ಮನೆ ರಿಪೇರಿಗೆ ಅಂತೆ. ಇಡ್ಲಿ ಇಲ್ಲದಿದ್ದರೆ ಮನುಷ್ಯ ರಿಪೇರಿ ಆಗೋದು ಹೇಗೆ? ಕೊನೆಗೆ ಹೊರಗೆ ಹೋದದ್ದು ಓವನ್. ಅದರೊಳಗೆ ನಾನು ಬಾಣಲೆಗಳನ್ನು ಇಡುತ್ತಿದ್ದೆ ಅಷ್ಟೆ.

ಕರೆಂಟಿನ ಕಥೆ ಬೇರೆ. ನಮ್ಮದು 50 ಆಂಪ್ ಮನೆ. ಆದರೆ ಟೆಕ್ಸಸ್‌ನಲ್ಲಿ, ಇಂಥ ಮನೆಗಳು ತಂಗುವ ಒಂದು ಪಾರ್ಕಿನಲ್ಲಿ 30 ಆಂಪ್ ಜಾಗ ಮಾತ್ರ ಸಿಕ್ಕಿತು. ಅಂದರೆ ಒಟ್ಟು 3,600 ವಾಟ್. ಎಸಿಗೆ ಸುಮಾರು 1,500 ಹೋಯಿತು. ಇಂಡಕ್ಷನ್ ಒಲೆ ಪೂರ್ತಿ ಉರಿದರೆ 1,800. ಉಳಿದದ್ದರಲ್ಲಿ ಚಟ್ನಿ ಆಗಲ್ಲ. ಮಿಕ್ಸಿ 'ಗುರ್' ಅಂದ ಕೂಡಲೇ ಬ್ರೇಕರ್ ಬೀಳುತ್ತಿತ್ತು. ಹೊರಗೆ ಮೈ ಸುಡುವ ಬಿಸಿಲು. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡೆವು. ನಾನು "ಮಿಕ್ಸೀ!" ಅಂತ ಕೂಗಬೇಕು, ಅವರು ಎಸಿ ಆಫ್ ಮಾಡಬೇಕು. ಆಫೀಸಿನ ಮೀಟಿಂಗಿನಲ್ಲಿದ್ದರೂ ಮಾಡಬೇಕು. ಅವರ ಸಹೋದ್ಯೋಗಿಗಳು ಮಿಕ್ಸಿ ಅನ್ನೋದು ನಮ್ಮ ನಾಯಿಯ ಹೆಸರು ಅಂದುಕೊಂಡಿದ್ದಾರಂತೆ.

ಒಗ್ಗರಣೆಗೂ ಇಲ್ಲಿ ಸ್ವಾತಂತ್ರ್ಯ ಇಲ್ಲ. ಒಲೆಗೂ ಸ್ಮೋಕ್ ಅಲಾರಂಗೂ ಕೆಲವೇ ಅಡಿ ದೂರ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಮೂರನೇ ಸೆಕೆಂಡಿಗೆ ಕಿರುಚಾಟ. ಒಂದು ದಿನ ಪಕ್ಕದ ಕ್ಯಾಂಪರಿನ ಅಜ್ಜ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದ. ಕೆಮ್ಮುತ್ತಲೇ ಒಳಗೆ ಇಣುಕಿದ. ಕೂರಿಸಿ ಚಿತ್ರಾನ್ನ ಕೊಟ್ಟೆ. ಈಗ ಅಲಾರಂ ಹೊಡೆದರೆ ಸಿಲಿಂಡರ್ ಬಿಟ್ಟು ತಟ್ಟೆ ತರುತ್ತಾನೆ.

ಇಷ್ಟು ಹೇಳಿ ಟಾಯ್ಲೆಟ್ ವಿಷಯ ಬಿಟ್ಟರೆ ಸುಳ್ಳು ಹೇಳಿದಂತೆ. ಊಟ ಮಾಡುತ್ತಾ ಓದುತ್ತಿರುವವರು ಮುಂದಿನ ಪ್ಯಾರಾಕ್ಕೆ ಹೋಗಿ. ಪಾತ್ರೆ, ಸ್ನಾನದ ನೀರಿಗೆ ಗ್ರೇ ಟ್ಯಾಂಕ್. ಇನ್ನೊಂದಕ್ಕೆ ಬ್ಲ್ಯಾಕ್ ಟ್ಯಾಂಕ್. ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಯಾವತ್ತೂ ತೆರೆದಿಡಬಾರದು. ನೀರು ಹರಿದು ಹೋಗಿ, ಹೋಗಬೇಕಾದದ್ದು ಅಲ್ಲೇ ಗುಡ್ಡೆಯಾಗಿ ಗಟ್ಟಿಯಾಗುತ್ತದೆ. ತುಂಬುವವರೆಗೆ ಮುಚ್ಚಿಟ್ಟು ಒಮ್ಮೆಗೇ ಬಿಡಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಇಲ್ಲಿನವರು ಬೇಗ ಕರಗುವ ಪೇಪರ್ ಯಾವುದು ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನಾವು ಚೊಂಬಿನ ಜನ. ಪೇಪರೇ ಕಮ್ಮಿ, ನೀರು ಜಾಸ್ತಿ, ಟ್ಯಾಂಕಿಗೆ ಬೇಕಾಗಿರೋದೂ ಅದೇ. ಈ ಒಂದು ವಿಷಯದಲ್ಲಿ ನಾನು ಇಡೀ ಪಾರ್ಕಿನ ಮುಂದೆ ತಲೆ ಎತ್ತಿ ನಡೆಯುತ್ತೇನೆ. ಆದರೆ ಪೈಪಿನ ಬಾಯಿಯಲ್ಲಿ ನಾಲ್ಕು ಕೊಕ್ಕೆ ಇರುತ್ತವೆ. ಒಂದು ಸಲ ಅದರಲ್ಲಿ ಒಂದು ಸರಿಯಾಗಿ ಕಚ್ಚಿರಲಿಲ್ಲ. ನಮ್ಮವರು ವಾಲ್ವ್ ಎಳೆದರು. ಹೊಸ ಬಿಳಿ ಶೂ ಹಾಕಿಕೊಂಡಿದ್ದರು. ಆ ಶೂ ಈಗ ನಮ್ಮ ಹತ್ತಿರ ಇಲ್ಲ.

ಹೊಸ ಜಾಗಕ್ಕೆ ಹೋದಾಗ ಮನೆಯನ್ನು ರಿವರ್ಸ್ ತೆಗೆದು ನಿಲ್ಲಿಸುವುದು ಊರಿಗೆಲ್ಲ ಪುಕ್ಕಟೆ ನಾಟಕ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಅಕ್ಕಪಕ್ಕದವರು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಇಂಗ್ಲಿಷಿನಲ್ಲಿ ಕೂಗಿ ಕೂಗಿ ಸಾಕಾಗಿ, ಈಗ ನಾನು ಕೆಎಸ್‌ಆರ್‌ಟಿಸಿ ಕಂಡಕ್ಟರನ್ನೇ ಮೈಮೇಲೆ ಕರೆಸಿಕೊಳ್ಳುತ್ತೇನೆ. ಬದಿಯ ತಗಡನ್ನು ಬಡಿದು "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!" ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಗಂಡಸಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಾ? ಮೊದಲ ಯತ್ನಕ್ಕೇ ಮನೆ ನೆಟ್ಟಗೆ ನಿಂತಿತು. ಕುರ್ಚಿಯವರಿಗೆ ನಿರಾಸೆ.

ಈಗ ಚಳಿಗಾಲಕ್ಕೆ ಅರಿಝೋನಾದ ಕ್ವಾರ್ಟ್‌ಸೈಟ್‌ಗೆ ಬಂದಿದ್ದೇವೆ. ಊರಾಚೆಯ ಮರುಭೂಮಿಯಲ್ಲಿ ಸರ್ಕಾರದ ಜಾಗ ಇದೆ. ಪರ್ಮಿಟ್ ತೆಗೆದುಕೊಂಡರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ಕರೆಂಟ್ ಇಲ್ಲ, ಮನೆಗೆ ನಲ್ಲಿ ಇಲ್ಲ. ಉತ್ತರದ ಹಿಮಕ್ಕೆ ಹೆದರಿದ ಅಜ್ಜ ಅಜ್ಜಿಯರೆಲ್ಲ ಇಲ್ಲೇ. ನಮ್ಮವರು ಸೋಲಾರ್ ಹಾಕಿಸಿದರು, ಸೀಸದ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿದರು. ಇದೊಂದು ಅಪ್‌ಗ್ರೇಡನ್ನು ನಾನೂ ಒಪ್ಪುತ್ತೇನೆ. ಹಗುರ, ಮೇಲಾಗಿ ಮಿಕ್ಸಿ ಓಡುತ್ತದೆ. ಕರೆಂಟಿನ ಚಿಂತೆ ಹೋಯಿತು, ನೀರಿನದು ಬಂತು. ಟ್ಯಾಂಕಿನಲ್ಲಿ 50 ಗ್ಯಾಲನ್, ಅಂದರೆ ಸುಮಾರು 190 ಲೀಟರ್. ವಾರವಿಡೀ ಅದರಲ್ಲೇ. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ತೊಳೆದು ಹೊರಗೆ ಬರಬೇಕು. ಬಿಸಿನೀರು ಕಾಯುವ ಟ್ಯಾಂಕ್ 6 ಗ್ಯಾಲನ್ನಿನದು.

ಜನವರಿಯಲ್ಲಿ ಅತ್ತೆ ಬರುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ, "23 ಕೆಜಿದು ಎರಡು ಸೂಟ್‌ಕೇಸ್ ತರಬಹುದಂತೆ, ಏನು ಬೇಕು ಹೇಳಮ್ಮ" ಅಂದರು. ನಮ್ಮವರು ಕ್ಯಾಲ್ಕುಲೇಟರ್ ಒತ್ತಿದರು. 46 ಕೆಜಿ ಅಂದರೆ 12 ಗ್ಯಾಲನ್ ನೀರಿನ ತೂಕ, ಅಷ್ಟು ನೀರು ಕಮ್ಮಿ ತುಂಬಿಸಿಕೊಂಡು ಹೊರಟರಾಯಿತು ಅಂದರು. ಅಷ್ಟರಲ್ಲಿ ಅತ್ತೆ, "ಹರಳೆಣ್ಣೆ, ಸೀಗೆಪುಡಿ ನಾನೇ ತರ್ತೀನಿ. ಶನಿವಾರ ಶನಿವಾರ ಎಲ್ಲರಿಗೂ ಎಣ್ಣೆ ಸ್ನಾನ ಮಾಡಿಸ್ತೀನಿ. ಹಂಡೆ ತುಂಬ ಬಿಸಿನೀರು ಇರುತ್ತೆ ತಾನೆ?" ಅಂದರು.

ನಮ್ಮವರು ನನ್ನ ಕಡೆ ನೋಡಿದರು. "ರೀ, ನಿಮ್ಮಮ್ಮ. ನೀವೇ ಹೇಳಿ" ಅಂತ ಫೋನ್ ಅವರ ಕೈಗೆ ಕೊಟ್ಟೆ. ಸಿಗ್ನಲ್ ಇಲ್ಲ ಅಂತ ಹೇಳಿ ಇಟ್ಟುಬಿಟ್ಟರು.