25 ಪಟ್ಟು ಇದ್ದರೆ ಸಾಕೇ?
"ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಯಾವ ವಯಸ್ಸಿನಲ್ಲಾದರೂ ಕೆಲಸ ಬಿಡಬಹುದು" ಎಂದು ಬೇಗ ನಿವೃತ್ತಿಯಾಗುವ ಬಗೆಗಿನ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಪೂರ್ತಿ ಒಪ್ಪಲಾರೆ. ಇದರ ಹಿಂದಿರುವ ಶೇ. 4ರ ಲೆಕ್ಕವನ್ನು (ಮೊದಲ ವರ್ಷ ಕೂಡಿಟ್ಟಿದ್ದರ ಶೇ. 4ರಷ್ಟು, ಆಮೇಲೆ ಪ್ರತಿ ವರ್ಷ ಅದನ್ನೇ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ ತೆಗೆಯುವುದು) ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಹಳೆಯ ಷೇರು, ಬಾಂಡ್ ಅಂಕಿಅಂಶಗಳನ್ನು ಇಟ್ಟುಕೊಂಡು ಮಾಡಿದ್ದು. ದುಡ್ಡು 30 ವರ್ಷ ಬಾಳುತ್ತದೆಯೇ ಅನ್ನುವುದೇ ಅಲ್ಲಿ ಮುಖ್ಯ ಪ್ರಶ್ನೆ. 42ಕ್ಕೆ ಕೆಲಸ ಬಿಟ್ಟವರಿಗೆ ದುಡ್ಡು 50 ವರ್ಷ ಬಾಳಬೇಕಾಗಬಹುದು ಅಲ್ವಾ?

ಅದಕ್ಕಿಂತ ಜಾಸ್ತಿ ಅಪಾಯ ಮೊದಲ ಕೆಲವು ವರ್ಷಗಳದ್ದು. ಬಿಟ್ಟ ಕೂಡಲೇ ಮಾರುಕಟ್ಟೆ ಕುಸಿದರೆ ಮನೆಖರ್ಚಿಗಾಗಿ ಕಡಿಮೆ ಬೆಲೆಗೆ ಷೇರು ಮಾರಬೇಕು. ಆಮೇಲೆ ಬೆಲೆ ಏರಿದರೂ ಮಾರಿದ್ದು ವಾಪಸ್ ಬರುವುದಿಲ್ಲ. ಅದೇ ಕುಸಿತ 20 ವರ್ಷದ ನಂತರ ಬಂದರೆ ಅಷ್ಟು ಪೆಟ್ಟು ಬೀಳುವುದಿಲ್ಲ. ಎರಡು ಮೂರು ವರ್ಷದ ಖರ್ಚಾದರೂ ಷೇರಿನ ಹೊರಗೆ ಇರಲೇಬೇಕು.

"ಮನಸ್ಸು ತಾನಾಗಿಯೇ ಹೊಂದಿಕೊಳ್ಳುತ್ತದೆ" ಎಂಬ ಸಾಲಂತೂ ನನಗೆ ಬೇಸರ ತಂದಿತು. ನಮ್ಮಣ್ಣ ದುಡ್ಡಿನ ತಯಾರಿ ಚೆನ್ನಾಗಿ ಮಾಡಿಕೊಂಡೇ ಬೇಗ ಕೆಲಸ ಬಿಟ್ಟ. ಶುರುವಿನಲ್ಲಿ ಹಾಯಾಗಿದ್ದ. ಆಮೇಲೆ ತಿಂಗಳ ಕೊನೆ ಬಂತೆಂದರೆ ಬ್ಯಾಂಕ್ ಆ್ಯಪ್ ತೆರೆದು ಸುಮ್ನೆ ನೋಡುತ್ತಾ ಕೂರುತ್ತಿದ್ದ. ದುಡ್ಡಿಗೇನೂ ಕೊರತೆ ಇರಲಿಲ್ಲ. ಅಷ್ಟು ವರ್ಷ ಕೂಡಿಟ್ಟವನಿಗೆ ಅದರಿಂದ ತೆಗೆಯಲು ಕೈ ಬರುತ್ತಿರಲಿಲ್ಲ. ಹಗಲಲ್ಲಿ ಮಾತಾಡಲು ಗೆಳೆಯರೂ ಇಲ್ಲ, ಎಲ್ಲರೂ ಆಫೀಸಿನಲ್ಲಿ. ಬಿಡಬೇಕು ಅನ್ನುವವರು ರಾಜೀನಾಮೆಗೆ ಮೊದಲು ಒಂದು ಉದ್ದ ರಜೆ ಹಾಕಿ. ಪ್ರವಾಸಕ್ಕೆ ಹೋಗದೆ ಮನೆಯಲ್ಲೇ ಇದ್ದು ನೋಡಿ. ಮನೆಯವರಿಗೆ ಹೇಗನ್ನಿಸಿತು ಎಂದೂ ಕೇಳಿ.