ಚರ್ಮದ ಡಾಕ್ಟರ ಹತ್ತಿರ ಎಲ್ಲ ಬಟ್ಟೆ ತೆಗೆಯಲೇಬೇಕೆ? ಒಂದು ಸ್ಪಷ್ಟನೆ

"ಚರ್ಮದ ತಪಾಸಣೆಗೆ ಪೂರ್ತಿ ಬಟ್ಟೆ ಬಿಚ್ಚಬೇಕು, ಲೇಡಿ ಡಾಕ್ಟರ್ ಬೇಕೆಂದು ಕೇಳುವಂತಿಲ್ಲ" ಎಂಬ ಸಂದೇಶ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಮೊಣಕೈ ಕಲೆಗೆ ಅಂಗಿಯ ತೋಳು ಮಡಚಿದರೆ ಸಾಕು. ಮೈಯೆಲ್ಲ ನೋಡಬೇಕಾದಾಗಲೂ ಹೊದಿಕೆ ಕೊಟ್ಟು, ಒಂದೊಂದೇ ಭಾಗ ತೆರೆದು, ನೋಡಿ, ಮುಚ್ಚಿ ಮುಂದೆ ಹೋಗುವುದೇ ಸರಿಯಾದ ಕ್ರಮ. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಹತ್ತಿರವಿರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಇದನ್ನು ಹಕ್ಕೆಂದೇ ಹೇಳುತ್ತದೆ. ಲೇಡಿ ಡಾಕ್ಟರ್ ಬೇಕಿದ್ದರೆ ಚೀಟಿ ಮಾಡಿಸುವಾಗಲೇ ಕೇಳಿ. ಆ ದಿನ ಅವರಿಲ್ಲದಿದ್ದರೆ ಬೇರೆ ದಿನ ಬರಬೇಕಾದೀತು, ಅಷ್ಟೆ. ವಿಕ್ಟೋರಿಯಾ, ಬೌರಿಂಗ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಹೊರಗಿರಲಿ ಎನ್ನಬಹುದು, ಫೋಟೊ ಬೇಡ ಎನ್ನಬಹುದು.

ಆದರೆ ದಯವಿಟ್ಟು ಸಂಕೋಚಕ್ಕೆ ರೋಗ ಮುಚ್ಚಿಡಬೇಡಿ. ಕಜ್ಜಿಯ ಹುಳು ಬೆರಳ ಸಂದಿಯಲ್ಲಷ್ಟೇ ಅಲ್ಲ, ಹೊಕ್ಕುಳ ಸುತ್ತ, ಸೊಂಟದಲ್ಲಿ, ಗುಪ್ತಾಂಗದಲ್ಲೂ ಇರುತ್ತದೆ. ತೊಡೆಸಂದಿಯ ಹುಳುಕಡ್ಡಿಗೆ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಕೆಂಪು, ತುರಿಕೆ ತಗ್ಗುತ್ತವೆ. ಆದರೆ ಉಂಗುರದಂಥ ಅಂಚು ಮಸುಕಾಗಿ, ಹುಳುಕಡ್ಡಿ ತರುವ ಶಿಲೀಂಧ್ರ (ಫಂಗಸ್) ಒಳಗೊಳಗೇ ಹರಡುತ್ತದೆ. ಆಮೇಲೆ ಗುರುತಿಸುವುದೇ ಕಷ್ಟ. ಹಚ್ಚಿದ ಟ್ಯೂಬನ್ನು ಜೊತೆಗೇ ತನ್ನಿ.

ಹೋಗುವ ಮುನ್ನ ನೇಲ್ ಪಾಲಿಶ್, ಮೇಕಪ್ ತೆಗೆಯಿರಿ, ಎಣ್ಣೆ ಅರಿಶಿನ ಹಚ್ಚಬೇಡಿ. ನಮ್ಮ ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಸಾಕ್ಸ್ ಬಿಚ್ಚಲು ಮರೆಯಬೇಡಿ.